ಮಜ್ಜಿಗೆಯ ಅಂಟು, ಮೋಟಾರಿನ ಕಮಾನು

ಶಿರಸಿಯ ಕೋಟೆಕೆರೆಯ ಮೇಲೆ ಕವಿದ ಮಂಜು ಇನ್ನೂ ಕರಗಿಲ್ಲ. ಕೆರೆಯಾಚೆಯ ಓಣಿಯ ಕೊನೆಯ ಮನೆಯಲ್ಲಿ ರಹಿಮತ್ಬಿ ಆಗಲೇ ಒಲೆ ಹೊತ್ತಿಸಿ, ದೊಡ್ಡ ಮಡಕೆಯಲ್ಲಿ ಮಜ್ಜಿಗೆ ಕಾಯಿಸುತ್ತಿದ್ದಾರೆ. ತಲೆಯ ಮೇಲೆ ಸೆರಗು ಎಳೆದುಕೊಂಡು, ಮಡಕೆಯ ಬಾಯಿಯ ಹತ್ತಿರ ಬಗ್ಗಿ ಹಬೆಯ ವಾಸನೆ ನೋಡುತ್ತಾರೆ. ಉರಿ ಹೆಚ್ಚಾಯಿತು ಅನ್ನಿಸಿದರೆ ಒಂದು ಕೊಳ್ಳಿಯನ್ನು ಹೊರಗೆ ಎಳೆಯುತ್ತಾರೆ. ಸ್ವಲ್ಪ ಹೊತ್ತಿಗೆ ಮಜ್ಜಿಗೆ ಒಡೆಯುತ್ತದೆ. ಬಿಳಿಯ ಗಟ್ಟಿ ಮೇಲೆ ತೇಲುತ್ತದೆ, ಕೆಳಗೆ ಹಸಿರು ಛಾಯೆಯ ತಿಳಿ ನಿಲ್ಲುತ್ತದೆ.

"ಕುದೀಲಿಕ್ಕೆ ಬಿಡಬಾರದ್ರಿ. ಕುದ್ದರ ಗಟ್ಟಿ ಬಿರಸಾಗಿ ಕೂತಬಿಡತೈತಿ. ಆಮ್ಯಾಲ ಸುಣ್ಣದ ಜೋಡಿ ಕೂಡಂಗಿಲ್ಲ" ಎನ್ನುತ್ತಾ ಅವರು ಗಟ್ಟಿಯನ್ನು ಬಟ್ಟೆಗೆ ಸುರಿದು ಹಿಂಡುತ್ತಾರೆ. ತಣ್ಣೀರಿನಲ್ಲಿ ತೊಳೆದು ಮತ್ತೆ ಹಿಂಡುತ್ತಾರೆ. ಹುಳಿ ಪೂರ್ತಿ ಹೋಯಿತೋ ಇಲ್ಲವೋ ಎಂದು ಚೂರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಕೊನೆಗೆ ಬಟ್ಟೆಯ ಗಂಟನ್ನು ರುಬ್ಬುವ ಕಲ್ಲಿನ ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು ನಿಲ್ಲುತ್ತಾರೆ.

ಇದನ್ನು ನೋಡಿದ ಹೊಸಬರಿಗೆ ಅಡುಗೆ ನಡೆದಿದೆ ಎಂದೇ ತೋರುತ್ತದೆ. ಆದರೆ ಶಿರಸಿಯಿಂದ ಸಿದ್ದಾಪುರಕ್ಕೋ ಯಲ್ಲಾಪುರಕ್ಕೋ ಮೋಟಾರಿನಲ್ಲಿ ಹೋಗುವವರು ಒಮ್ಮೆ ತಲೆಯೆತ್ತಿ ಚಾವಣಿಯ ಒಳಮೈ ನೋಡಬೇಕು. ಅಲ್ಲಿ ಈ ಬದಿಯಿಂದ ಆ ಬದಿಗೆ ಬಿಲ್ಲಿನಂತೆ ಬಾಗಿದ ಮರದ ಕಮಾನುಗಳಿವೆ. ಮೇಲೆ ಹೇರಿದ ಅಡಿಕೆ ಮೂಟೆ, ಹಾಸಿಗೆ ಸುರುಳಿ, ಟ್ರಂಕುಗಳ ಭಾರವನ್ನೆಲ್ಲ ಹೊರುವುದು ಅವೇ. ಪ್ರತಿ ಕಮಾನೂ ಒಂದೇ ಮರದ ತುಂಡಿನಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಕೂದಲೆಳೆಯಂಥ ಕಪ್ಪು ಗೆರೆಗಳು ಕಾಣುತ್ತವೆ. ತೆಳ್ಳಗೆ ಸೀಳಿದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಬಗ್ಗಿಸಿ, ಅಂಟಿಸಿದ ಗುರುತು ಅದು. ಆ ಗೆರೆಗಳೊಳಗಿನ ಅಂಟು ರಹಿಮತ್ಬಿಯವರ ಮಡಕೆಯಿಂದ ಬಂದದ್ದು.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಗಟ್ಟಿಯ ನೀರು ಬಸಿದಿರುತ್ತದೆ. ಅದನ್ನು ಅಂಗೈಯಲ್ಲಿ ತಿಕ್ಕಿ ರವೆಯ ಹಾಗೆ ಪುಡಿಮಾಡಿ, ಕುಮಟೆಯ ಕಡೆಯಿಂದ ಬರುವ ಚಿಪ್ಪಿನ ಸುಣ್ಣ ಬೆರೆಸಿ, ಮರದ ಬೋಗುಣಿಯಲ್ಲಿ ತಿರುವತೊಡಗುತ್ತಾರೆ. ಮೊದಲು ಉಂಡೆ ಉಂಡೆಯಾಗಿ ಹಟ ಹಿಡಿದದ್ದು ನೋಡನೋಡುತ್ತಿದ್ದಂತೆ ನುಣ್ಣಗಾಗಿ, ಜೇನುತುಪ್ಪದಂತೆ ಕಡ್ಡಿಯಿಂದ ನೂಲು ಬಿಡುತ್ತದೆ. ಪಕ್ಕದ ಚಪ್ಪರದ ಕಾರ್ಖಾನೆಯಲ್ಲಿ ಅವರ ಯಜಮಾನರು ಖಾಜಾ ಹುಸೇನ್ ದಡಸಲು ಮರದ ಪಟ್ಟಿಗಳಿಗೆ ಉಜ್ಜುಗೊರಡು ಹಾಕಿ ಮುಗಿಸಿ, ಹಗ್ಗ, ಬೆಣೆ ಹಿಡಿದು ನಿಂತಿರುತ್ತಾರೆ.

"ಆತೇನ?" ಎಂದು ಅವರು ಕೇಳುತ್ತಾರೆ.

"ನಿಲ್ರಿ. ಇನ್ನೂ ಹಸೀ ಐತಿ."

ಯಜಮಾನರು ನಿಲ್ಲುತ್ತಾರೆ. ಆ ಕಾರ್ಖಾನೆಯಲ್ಲಿ ಉಳಿದ ಹೊತ್ತೆಲ್ಲ ನಡೆಯುವುದು ಅವರ ಮಾತು. ಅಂಟಿನ ಹೊತ್ತಿನಲ್ಲಿ ಮಾತ್ರ ಹೆಂಡತಿಯ ಮಾತಿಗೆ ಕಾಯುತ್ತಾರೆ. "ಬರ್ರಿ" ಎಂದಾಕ್ಷಣ ಇಬ್ಬರೂ ಎದುರುಬದುರು ಕೂರುತ್ತಾರೆ. ಪಟ್ಟಿಯ ಎರಡೂ ಮೈಗೆ ಅಂಟು ಬಳಿಯುವುದು ರಹಿಮತ್ಬಿ, ಒಂದರ ಮೇಲೊಂದು ಜೋಡಿಸುವುದು ಖಾಜಾ ಹುಸೇನ್. ಜೋಡಿಸಿದ್ದನ್ನು ಬಾಗಿದ ಅಚ್ಚಿನ ಮೇಲಿಟ್ಟು, ನಡುವಿನಿಂದ ತುದಿಗಳ ಕಡೆಗೆ ಹಗ್ಗ ಬಿಗಿಯುತ್ತಾ ಬೆಣೆ ಹೊಡೆಯುತ್ತಾರೆ. ತಡಮಾಡುವಂತಿಲ್ಲ, ಬೋಗುಣಿಯಲ್ಲಿ ಉಳಿದ ಅಂಟು ಊಟದ ಹೊತ್ತಿಗೆ ಕಲ್ಲಾಗಿಬಿಡುತ್ತದೆ. ಬಿಗಿದ ಸಂದುಗಳಿಂದ ಸಣ್ಣ ಸಣ್ಣ ಮಣಿಗಳಂತೆ ಅಂಟು ಒಸರುವುದನ್ನು ರಹಿಮತ್ಬಿ ಉದ್ದಕ್ಕೂ ಬಾಗಿ ನೋಡುತ್ತಾರೆ. ಒಂದು ಕಡೆ ಬೆರಳಿಟ್ಟು, "ಇಲ್ಲಿ ಭಾಳ ಬಿಗದೀರಿ. ಅಂಟೆಲ್ಲ ಹೊರಗ ಬಂತು, ಒಳಗ ಏನ ಉಳೀತು? ಸಡ್ಲ ಮಾಡ್ರಿ" ಎನ್ನುತ್ತಾರೆ. ಖಾಜಾ ಹುಸೇನ್ ಬೆಣೆಯನ್ನು ಚೂರು ಹಿಂದಕ್ಕೆ ತಟ್ಟುತ್ತಾರೆ.

ಈ ಮನೆತನಕ್ಕೆ ಬಾಗಿಸಿದ ಮರ ಹೊಸದಲ್ಲ. ಖಾಜಾ ಹುಸೇನರ ತಂದೆ ಸವಾರಿ ಗಾಡಿಗಳಿಗೆ ಕಮಾನು ಕಟ್ಟುತ್ತಿದ್ದವರು. ಅವರು ಬಳಸುತ್ತಿದ್ದದ್ದು ಸರೇಸು. ಚರ್ಮ, ಎಲುಬು ಕುದಿಸಿ ಮಾಡಿದ, ಬಿಲ್ಲೆಗಳಾಗಿ ಪೇಟೆಯಲ್ಲಿ ಸಿಗುವ ಆ ಅಂಟಿಗೆ ಇಲ್ಲಿನ ಬಡಗಿಗಳು ಮರವಜ್ರ ಎನ್ನುತ್ತಾರೆ. ಹೆಸರಿಗೆ ತಕ್ಕ ಗಟ್ಟಿಯೂ ಹೌದು, ಒಣಗಿದ್ದಷ್ಟು ಹೊತ್ತು. ಸವಾರಿ ಗಾಡಿ ಮಳೆಗಾಲದಲ್ಲಿ ಕೊಟ್ಟಿಗೆ ಸೇರುತ್ತಿತ್ತು, ಹಾಗಾಗಿ ಸರೇಸಿನ ಗುಣ ಪರೀಕ್ಷೆಗೆ ಬರಲೇ ಇಲ್ಲ. ಮೋಟಾರಿಗೆ ಮಳೆಗಾಲವೆಂದು ರಜೆಯಿಲ್ಲ.

ಯಲ್ಲಾಪುರದ ಮೋಟಾರು ಮಾಲೀಕರು ನೂರ್ ಅಹ್ಮದ್ ತಮ್ಮ ಮೊದಲ ಗಾಡಿಗೆ ಬಾಡಿ ಕಟ್ಟುವ ಕೆಲಸವನ್ನು ಹುಬ್ಬಳ್ಳಿಗೆ ಕೊಡದೆ ಖಾಜಾ ಹುಸೇನರಿಗೆ ಕೊಟ್ಟಿದ್ದರು. ನಮ್ಮ ಸೀಮೆಯವರೇ ಮಾಡಲಿ ಎಂಬ ಅಭಿಮಾನ ಅವರದು. ಬೇಸಿಗೆಯಲ್ಲಿ ಗಾಡಿ ಹೊರಟಾಗ ಓಣಿಯವರೆಲ್ಲ ನಿಂತು ನೋಡಿದ್ದರು. ಆಷಾಢದ ನಡುವೆ ಅದೇ ಗಾಡಿ ಚಾವಣಿ ಜೋತುಬಿದ್ದು ವಾಪಸು ಬಂತು. ವಾರಗಟ್ಟಲೆ ಹಿಡಿದ ಮಳೆಯಲ್ಲಿ ಸರೇಸು ನೆನೆದು, ಮೆತ್ತಗಾಗಿ, ಪಟ್ಟಿಗಳು ಹಳೆಯ ಪಂಚಾಂಗದ ಹಾಳೆಗಳ ಹಾಗೆ ಬಿಚ್ಚಿಕೊಂಡಿದ್ದವು. ಒಳಗೆ ಕೂತಿದ್ದ ಒಬ್ಬ ಮುದುಕರ ಹೆಗಲ ಮೇಲೆ ಟ್ರಂಕು ಕುಸಿದು ಪೆಟ್ಟಾಗಿತ್ತು.

ನೂರ್ ಅಹ್ಮದ್ ಕೂಗಾಡಲಿಲ್ಲ. ಕಾರ್ಖಾನೆಯ ಹೊಸ್ತಿಲಲ್ಲಿ ಕೂತು, ಕೊಟ್ಟ ಚಹಾ ಕುಡಿದು, "ಖಾಜಾಭಾಯಿ, ಇದನ್ನ ರಿಪೇರಿ ಮಾಡಿಕೊಡ್ರಿ. ಮುಂದಿಂದು ನಾ ಹುಬ್ಬಳ್ಳಿಗೇ ಕೊಡತೇನಿ. ಮಂದಿ ಜೀವದ ಮಾತು" ಎಂದು ಹೇಳಿ ಎದ್ದರು. ಖಾಜಾ ಹುಸೇನರಿಗೆ ಬೈಗುಳ ತಿಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆ ದಿನ ಅವರು ಬಿಚ್ಚಿಹೋದ ಕಮಾನೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ರಹಿಮತ್ಬಿ ಹತ್ತಿರ ಬಂದು, ಲೋಳೆಯಾದ ಸರೇಸನ್ನು ಉಗುರಿನಿಂದ ಕೆರೆದು ಮೂಸಿದರು.

"ನಮ್ಮ ಅಮ್ಮಿ ಭರಣಿ ಹಚ್ಚತಿದ್ದರಲ್ಲ, ಆ ಅಂಟು ನೀರಿಗೆ ಬಿಡತಿರಲಿಲ್ಲ" ಎಂದರು.

ರಹಿಮತ್ಬಿಯವರ ತವರು ಯಲ್ಲಾಪುರ. ಅವರ ತಾಯಿ ಆಯಿಷಾ ಓಣಿಯ ಹೆಂಗಸರು ತಂದುಕೊಟ್ಟ ಒಡೆದ ಉಪ್ಪಿನಕಾಯಿ ಭರಣಿಗಳನ್ನು ಮೊಸರಿನ ಗಟ್ಟಿ, ಸುಣ್ಣ ಕಲಸಿ ಕೂಡಿಸುತ್ತಿದ್ದರು. ವರ್ಷಗಟ್ಟಲೆ ಉಪ್ಪುನೀರು ತುಂಬಿಟ್ಟರೂ ಆ ಬೆಸುಗೆ ಬಿಟ್ಟದ್ದನ್ನು ರಹಿಮತ್ಬಿ ಕಂಡಿರಲಿಲ್ಲ. ಆದರೆ ಗಂಡನಿಗೆ ಆ ಮಾತು ಹಿಡಿಸಲಿಲ್ಲ.

"ಭರಣಿ ಒಂದ ಕಡೆ ಕುಂತಿರತೈತಿ. ಮೋಟಾರು ಕುಣೀತೈತಿ. ಅಬ್ಬಾನ ಕಾಲದಿಂದ ಸರೇಸು ಹಚ್ಚಿದ ಕೈ ಇದು. ಮಜ್ಜಿಗಿ ಹಚ್ಚಿದರ ಮಂದಿ ನಗತಾರ" ಎಂದರು.

"ಮಂದಿ ನಗೂದು ಈಗೇನ ಕಡಿಮಿ ಆಗೈತೇನ್ರಿ?" ಎಂದು ರಹಿಮತ್ಬಿ ಕೇಳಿದರು. ಕೇಳಿದ ಮೇಲೆ ಅವರಿಗೇ ಕೆಡುಕೆನಿಸಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನದಿಂದ ಅಡುಗೆಮನೆಯ ಮೂಲೆಯಲ್ಲಿ ಅವರ ಪ್ರಯೋಗ ಶುರುವಾಯಿತು. ಮೊದಲ ಸಲ ಮಾಡಿದ ಅಂಟು ಒಣಗಿದ ಮೇಲೆ ಹೊಪ್ಪಳೆಯಂತೆ ಎದ್ದುಬಂತು. ಎರಡು ಪಟ್ಟಿಗಳ ನಡುವೆ ಜಿಡ್ಡು ಉಳಿದದ್ದನ್ನು ಕೈಯಲ್ಲಿ ಮುಟ್ಟಿ ನೋಡಿ, ಮಜ್ಜಿಗೆಯಲ್ಲಿ ಬೆಣ್ಣೆ ಉಳಿದಿತ್ತೆಂದು ತಿಳಿದುಕೊಂಡರು. ಇನ್ನೊಂದು ಸಲ ಸುಣ್ಣ ಹೆಚ್ಚಾಗಿ, ಬಳಿಯುವ ಮೊದಲೇ ಅಂಟು ಗಟ್ಟಿಯಾಗಿ, ಕಡ್ಡಿ ಮಡಕೆಯಲ್ಲೇ ನಿಂತುಬಿಟ್ಟಿತು, ಮಡಕೆ ಒಡೆಯಬೇಕಾಯಿತು. ಸುಣ್ಣ ಕಡಿಮೆ ಮಾಡಿದರೆ ಅಂಟು ನೀರಿಗೆ ಸೋಲುತ್ತಿತ್ತು. ತಿನ್ನುವ ಮಜ್ಜಿಗೆಯನ್ನು ಮರಕ್ಕೆ ಸುರಿಯುತ್ತಾಳೆ ಎಂದು ಓಣಿಯಲ್ಲಿ ಆಡಿಕೊಂಡರು. ಬೆರಳ ಸಂದುಗಳು ಸುಣ್ಣಕ್ಕೆ ಸುಟ್ಟು, ಅನ್ನ ಕಲಸಿದರೆ ಉರಿಯುತ್ತಿದ್ದವು.

ಮಜ್ಜಿಗೆಯ ತೊಡಕನ್ನು ಬಿಡಿಸಿದವರು ದೇವಕಿ. ಪೇಟೆಯ ಅಂಚಿನಲ್ಲಿ ಎಮ್ಮೆ ಸಾಕಿಕೊಂಡಿರುವ, ಹವ್ಯಕರ ಮನೆಯ ವಿಧವೆ. ಹಿತ್ತಿಲ ಬಾಗಿಲಲ್ಲಿ ನಿಂತು ರಹಿಮತ್ಬಿ ಹಿಡಿದ ಪಾತ್ರೆಗೆ ಮೇಲಿನಿಂದ ಮಜ್ಜಿಗೆ ಸುರಿಯುತ್ತಿದ್ದ ಅವರು ಒಂದು ದಿನ ಕೈ ತಡೆದು ಕೇಳಿದರು.

"ದಿನಾ ಇಷ್ಟು ಮಜ್ಜಿಗೆ ಎಂತಕ್ಕೆ ನಿಂಗೆ? ಮನೇಲಿ ಜನ ಇಲ್ಲೆ, ಮಕ್ಕ ಇಲ್ಲೆ."

ರಹಿಮತ್ಬಿ ಹೇಳಿದರು. ದೇವಕಿ ನಗಲಿಲ್ಲ. "ಬೆಣ್ಣೆ ಉಳಿಯದೇ ಇಪ್ಪ ಹಾಂಗೆ ಕಡೆಯವ್ವು ಅಂದ್ರೆ ಬೆಳಗಿನ ತಂಪಲ್ಲೇ ಕಡೆಯವ್ವು. ಎರಡು ಸಲ ಕಡೆದು ಕೊಡ್ತೆ, ಆನೇ ಕೂತು ಕಡೆದು ಕೊಡ್ತೆ. ನೋಡನ" ಎಂದರು. ಅಂದಿನಿಂದ ಇಂದಿನವರೆಗೂ ಅವರ ಮನೆಯ ಮಜ್ಜಿಗೆಯಲ್ಲಿ ಬೆಣ್ಣೆಯ ಕಣ್ಣು ಕಂಡದ್ದಿಲ್ಲ ಎಂದು ರಹಿಮತ್ಬಿ ಹೇಳುತ್ತಾರೆ.

ಹದ ಕೈಗೆ ಸಿಕ್ಕಿದ ಮೇಲೆ ಅವರು ಗಂಡನಿಗೆ ಏನೂ ಹೇಳಲಿಲ್ಲ. ಬಿದ್ದಿದ್ದ ದಡಸಲು ಪಟ್ಟಿಗಳಿಂದ ಎರಡು ಮೋಟು ಕಮಾನು ಮಾಡಿದರು. ಒಂದಕ್ಕೆ ಸರೇಸು ಹಚ್ಚಿದರು, ಇನ್ನೊಂದಕ್ಕೆ ಮಜ್ಜಿಗೆಯ ಅಂಟು. ಎರಡನ್ನೂ ಒಲೆಯ ಪಕ್ಕ ಚೆನ್ನಾಗಿ ಒಣಗಿಸಿ, ಕಾರ್ಖಾನೆಯ ಸೂರಿನ ನೀರು ನೇರವಾಗಿ ಬೀಳುವಲ್ಲಿ ಇಟ್ಟರು. ಖಾಜಾ ಹುಸೇನ್ ದಿನವೂ ಅವುಗಳನ್ನು ದಾಟಿಕೊಂಡೇ ಓಡಾಡಿದರು, ಕೇಳಲಿಲ್ಲ. ಕೆಲವೇ ದಿನದಲ್ಲಿ ಸರೇಸಿನದು ಬಾಯಿಬಿಟ್ಟಿತು. ಇನ್ನೊಂದು ಶ್ರಾವಣ ಕಳೆದು ಭಾದ್ರಪದ ಬಂದರೂ ಬಿಲ್ಲಿನಂತೆಯೇ ಇತ್ತು. ಮಳೆ ಹೊಳವಾದ ಒಂದು ಬೆಳಿಗ್ಗೆ ಖಾಜಾ ಹುಸೇನ್ ಅದನ್ನೆತ್ತಿ ಹಲಗೆಯ ಮೇಲಿಟ್ಟು, ಪಟ್ಟಿಗಳ ಸಂದಿಗೆ ಉಳಿ ಇಟ್ಟು ಕೊಡತಿಯಿಂದ ಹೊಡೆದರು. ಸಂದು ಬಿಡಲಿಲ್ಲ. ಪಕ್ಕದ ಮರವೇ ಸೀಳಿತು. ಇನ್ನೊಂದು ಕಡೆ ಹೊಡೆದರು. ಅಲ್ಲೂ ಮರವೇ ಸೀಳಿತು.

"ಉಳಿ ಕೆಳಗ ಇಟ್ಟು ಸೀಳಿದ ಮರ ಮುಟ್ಟಿ ನೋಡಿದರು. ನಾ ಒಲಿ ಹಚ್ಚಲಿಕ್ಕೆ ಒಳಗ ಹೋದೆ" ಎಂದು ರಹಿಮತ್ಬಿ ನೆನೆಯುತ್ತಾರೆ. "ಮಧ್ಯಾಹ್ನ ಉಂಡ ಮ್ಯಾಲೆ ಪಟ್ಟಿ ಹೊರೆ ತಂದು ನನ್ನ ಮುಂದ ಇಟ್ಟರು. ಎಷ್ಟು ಅಂಟು ಬೇಕಾಗತೈತಿ, ಹೇಳು ಅಂದರು. ಅಷ್ಟ."

ನೂರ್ ಅಹ್ಮದರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಮಜ್ಜಿಗೆಯ ಅಂಟಿನಿಂದ ರಿಪೇರಿಯಾದ ಗಾಡಿಯನ್ನು ಅವರು ಮುಂದಿನ ಮಳೆಗಾಲ ಪೂರ್ತಿ ಓಡಿಸಿ ನೋಡಿದರು. ಪ್ರತಿ ವಾರ ಚಾವಣಿಯ ಕೆಳಗೆ ನಿಂತು ಕಮಾನುಗಳನ್ನು ಬೆರಳಿನಿಂದ ತಟ್ಟುತ್ತಿದ್ದರಂತೆ. ಬೂಸಲು ಹಿಡಿಯದ ಹಾಗೆ ಮೇಲೆ ಅಗಸೆ ಎಣ್ಣೆ ಬಳಿಯಬೇಕೆಂದು ರಹಿಮತ್ಬಿ ಹೇಳಿಕಳಿಸಿದಾಗ, ಬಳಿಯಿಸಿದರು. ದೀಪಾವಳಿ ಕಳೆದ ಮೇಲೆ ಎರಡನೆಯ ಗಾಡಿಯ ಚೌಕಟ್ಟು ಹುಬ್ಬಳ್ಳಿಯ ದಾರಿ ಹಿಡಿಯದೆ ಶಿರಸಿಯ ಈ ಓಣಿಗೇ ಬಂತು.

ಆ ಎರಡನೆಯ ಗಾಡಿಯೇ ಕಳೆದ ಮಳೆಗಾಲದಲ್ಲಿ ಸಿದ್ದಾಪುರದಿಂದ ಬರುವಾಗ ಹೇರೂರಿನ ಆಸುಪಾಸಿನಲ್ಲಿ ರಸ್ತೆಯಂಚು ಕುಸಿದು ಹಳ್ಳಕ್ಕೆ ಉರುಳಿತು. ಬರೀ ಮಗ್ಗುಲಾಗಿ ಬೀಳಲಿಲ್ಲ. ಒಂದು ಸುತ್ತು ತಿರುಗಿ, ಚಾವಣಿ ಕೆಳಗಾಗಿ ಬಂಡೆಗಳ ಮೇಲೆ ಕೂತಿತು. ಒಳಗೆ ಜನ ತುಂಬಿದ್ದರು.

ಸುದ್ದಿ ಶಿರಸಿಗೆ ಬಂದಾಗ ರಹಿಮತ್ಬಿ ಬೋಗುಣಿ ತೊಳೆಯುತ್ತಿದ್ದರು. ಗಾಡಿ ಮೊಗಚಿಬಿದ್ದಿದೆ ಎಂಬಷ್ಟೇ ಸುದ್ದಿ. ಬದುಕಿದವರೆಷ್ಟು, ಹೋದವರೆಷ್ಟು ಯಾರಿಗೂ ಗೊತ್ತಿಲ್ಲ. ಖಾಜಾ ಹುಸೇನ್ ನಿಂತ ಕಾಲಿನಲ್ಲೇ ಹೊರಟರು. ರಹಿಮತ್ಬಿ ಒಳಗೆ ಬಂದು ಕೂತರು. ಪಕ್ಕದ ಮನೆಯವರು ತಂದಿಟ್ಟ ರೊಟ್ಟಿಯನ್ನು ಮುಟ್ಟಲಿಲ್ಲ. ಉರುಳಿದ್ದು ರಸ್ತೆಯ ತಪ್ಪು, ಮಳೆಯ ತಪ್ಪು ಎಂದು ಅವರು ಸಮಾಧಾನ ಹೇಳಿದರು. ರಹಿಮತ್ಬಿಯ ಮನಸ್ಸು ಬೇರೆ ಕಡೆ ಇತ್ತು.

"ಗಾಡಿ ಬಿದ್ದದ್ದು ನನ್ನ ಕೈಯಾಗ ಇರಲಿಲ್ರಿ. ಆದರ ಟಾಪು ಕುಸದು ಮಂದಿ ಸತ್ತಿದ್ದರ, ಅದು ನನ್ನ ಕೈಯಿಂದ ಆದದ್ದು. ಆವತ್ತು ಅಂಟು ಕಲಸೂ ಮುಂದ ಸುಣ್ಣ ಸರಿ ಇತ್ತೋ ಇಲ್ಲೋ, ಬೆಣ್ಣಿ ಇತ್ತೋ ಏನೋ, ಎಲ್ಲಾ ಕಣ್ಮುಂದ ಬಂತು. ಒಂದೊಂದು ಕಮಾನೂ ನೆನಪು ಮಾಡಿಕೊಂಡೆ. ನಾ ಅಷ್ಟು ನಮಾಜು ಯಾವತ್ತೂ ಮಾಡಿಲ್ಲ."

ಮರುದಿನ ಮಧ್ಯಾಹ್ನ ಖಾಜಾ ಹುಸೇನ್ ಮೈಯೆಲ್ಲ ಕೆಸರಾಗಿ ಬಂದರು. ಹೊಸ್ತಿಲು ದಾಟುವ ಮೊದಲೇ, "ಎಲ್ಲಾರೂ ಬದುಕ್ಯಾರ" ಎಂದರು. ಚಾಲಕ ಶಫಿಯ ಕೈ ಮುರಿದಿತ್ತು, ಕೆಲವರಿಗೆ ಗಾಯಗಳಾಗಿದ್ದವು. ಗಾಡಿ ತಲೆಕೆಳಗಾಗಿ ಬಿದ್ದರೂ ಚಾವಣಿ ಚಪ್ಪಟೆಯಾಗದೆ ನಿಂತಿದ್ದರಿಂದ ಒಳಗಿದ್ದವರಿಗೆ ಉಸಿರಾಡಲು, ತೆವಳಲು ಜಾಗ ಉಳಿದಿತ್ತು. ಕಿಟಕಿಗಳಿಂದ ಒಬ್ಬೊಬ್ಬರಾಗಿ ಹೊರಗೆ ಬಂದಿದ್ದರು. ಹಳ್ಳದ ನೀರು ಅವರು ಹೊರಬಂದ ಮೇಲೆ ಏರಿತ್ತು.

"ಕಮಾನು?" ಎಂದು ರಹಿಮತ್ಬಿ ಕೇಳಿದರು.

"ಒಂದು ಮುರದೈತಿ. ಬಂಡಿಗಲ್ಲಿನ ಮ್ಯಾಲೆ ಬಿದ್ದದ್ದು."

"ಸಂದು ಬಿಟ್ಟೈತೇನು?"

"ಇಲ್ಲ. ಮರ ಮುರದೈತಿ. ಸಂದು ಬಿಟ್ಟಿಲ್ಲ."

ಆಗ ರಹಿಮತ್ಬಿ ಗೋಡೆಗೆ ಒರಗಿ ಅತ್ತರು. ಹಳ್ಳದಲ್ಲಿ ಮುಳುಗಿದ್ದ ಆ ಗಾಡಿಯನ್ನು ಎತ್ತುಗಳಿಂದ ಎಳೆಸಿ ದಡಕ್ಕೆ ತರುವಷ್ಟರಲ್ಲಿ ಇನ್ನೂ ಎರಡು ದಿನ ಹೋದವು. ನೆಂದು ಉಬ್ಬಿದ ಕಮಾನುಗಳನ್ನು ನೆರಳಲ್ಲಿ ಒಣಗಿಸಿದ ಮೇಲೆ, ಮುರಿದ ಒಂದನ್ನು ಮಾತ್ರ ಬದಲಾಯಿಸಿ, ಅದೇ ಚಾವಣಿಯನ್ನು ಮತ್ತೆ ಏರಿಸಿದರು. ಈಗಲೂ ಆ ಗಾಡಿ ಓಡುತ್ತಿದೆ.

ಕೆಲವು ವಾರಗಳ ನಂತರ ಹಾನಗಲ್ಲ ಕಡೆಯ ಹಳ್ಳಿಯೊಂದರಿಂದ ಪಾರ್ವತವ್ವ ಎಂಬ ಹಿರಿಯ ಹೆಂಗಸು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಣಿಗೆ ಬಂದರು. ಸಿದ್ದಾಪುರದಲ್ಲಿರುವ ಮಗಳ ಬಾಣಂತನ ಮುಗಿಸಿ, ದೊಡ್ಡ ಮೊಮ್ಮಗಳನ್ನು ಕರೆದುಕೊಂಡು ಅದೇ ಗಾಡಿಯಲ್ಲಿ ಹೊರಟಿದ್ದವರು. ಮಗುವನ್ನು ಎದೆಗವಚಿಕೊಂಡು ಎರಡು ಬೆಂಚುಗಳ ನಡುವೆ ಸಿಕ್ಕಿಕೊಂಡಿದ್ದರು. ಆ ಟಾಪು ಕಟ್ಟಿದವರು ಯಾರು ಎಂದು ಕೇಳಿ ಕೇಳಿ ಬಂದು, ಖಾಜಾ ಹುಸೇನರ ಮುಂದೆ ಕೈಮುಗಿದು ನಿಂತರು.

"ನನಗಲ್ರಿ, ಬಾಯವ್ವ" ಎಂದರು ಖಾಜಾ ಹುಸೇನ್. "ಮರ ಬಗ್ಗಿಸಿದಂವ ನಾನು. ಅದನ್ನ ಹಿಡದಿಟ್ಟಾಕಿ ಒಳಗದಾಳ." ಒಳಗೆ ಮುಖ ಮಾಡಿ ಹೆಂಡತಿಯನ್ನು ಕರೆದರು. ಹೊರಗಿನವರ ಮುಂದೆ ಅವರು ಹಾಗೆ ಕರೆದದ್ದು ಅದೇ ಮೊದಲು.

ಪಾರ್ವತವ್ವ ರಹಿಮತ್ಬಿಯ ಎರಡೂ ಕೈ ಹಿಡಿದುಕೊಂಡರು. ಸುಣ್ಣಕ್ಕೆ ಒಡೆದು, ಬಿರುಕುಬಿಟ್ಟ ಬೆರಳುಗಳನ್ನು ನೋಡಿ, "ಯವ್ವಾ, ಇದೇನ ಕೈ ಹಿಂಗ ಮಾಡಿಕೊಂಡೀ?" ಎಂದರು.

"ಕೆಲಸರಿ ಅವ್ವಾರ. ತುಪ್ಪ ಹಚ್ಚಿದರ ವಾಸಿ ಆಗತಾವು."

"ತುಪ್ಪ ನಾ ಕಳಸತೇನಿ. ನೀ ಹಚ್ಚಿಕೋ" ಎಂದು ಹೇಳಿ ಪಾರ್ವತವ್ವ ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿದರು. ಮಕ್ಕಳಿಲ್ಲದ ಮನೆಯಲ್ಲಿ ಆ ಮಗು ಸಂಜೆಯವರೆಗೆ ಮರದ ಸಿಪ್ಪೆಗಳೊಂದಿಗೆ ಆಡಿತು. ತುಪ್ಪವೂ ಬಂತು; ಈಗಲೂ ಹಬ್ಬ ಹುಣ್ಣಿಮೆಗೆ ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಬರುತ್ತದೆ.

ಈಗ ರಹಿಮತ್ಬಿಯವರ ಅಂಟಿಗೆ ಶಿರಸಿಯ ಹೊರಗೂ ಕರೆಯಿದೆ. ಅಂಟನ್ನು ಮಾಡಿ ಕಳಿಸುವಂತಿಲ್ಲ, ದಾರಿಯಲ್ಲೇ ಕಲ್ಲಾಗುತ್ತದೆ. ಅದಕ್ಕೇ ಯಲ್ಲಾಪುರದಲ್ಲಿರುವ ನಾದಿನಿ ಖತೀಜಾಳನ್ನು ಕರೆಸಿ, ಒಂದು ಬೇಸಿಗೆ ಪೂರ್ತಿ ಜೊತೆಗಿಟ್ಟುಕೊಂಡು ಕಲಿಸಿದ್ದಾರೆ. ಗುಟ್ಟನ್ನು ಯಾಕೆ ಬಿಟ್ಟುಕೊಟ್ಟಿರಿ ಎಂದು ಕೇಳಿದವರಿಗೆ ಅವರು ಕೊಡುವ ಉತ್ತರ ನೇರವಾಗಿದೆ. "ಗುಟ್ಟು ಎಂಥಾದ್ರಿ? ನಾ ಮಲಗಿದರ ಮಂದಿ ಸರೇಸು ಹಚ್ಚಿದ ಗಾಡ್ಯಾಗ ಹತ್ತಬೇಕೇನು?"

ತೊಂದರೆಗಳು ಇಲ್ಲವೆಂದಲ್ಲ. ಜಡಿಮಳೆಯ ತಿಂಗಳುಗಳಲ್ಲಿ ಅಂಟು ಒಣಗುವುದೇ ಇಲ್ಲ. ಅಚ್ಚಿನ ಮೇಲಿನ ಕಮಾನಿನ ಕೆಳಗೆ ಕೆಂಡದ ಬುಟ್ಟಿ ಇಟ್ಟು ಕಾಯಬೇಕು. ಹೆಚ್ಚು ಕಾವು ತಾಗಿದರೆ ಸಂದು ಬಿರಿಯುತ್ತದೆ, ಕಾವು ಸಾಲದಿದ್ದರೆ ಹಗ್ಗ ಬಿಚ್ಚಿದಾಗ ಕಮಾನು ಮತ್ತೆ ನೆಟ್ಟಗಾಗಲು ಹವಣಿಸುತ್ತದೆ. ಬೇಸಿಗೆಯ ಕೊನೆಗೆ ದೇವಕಿಯವರ ಎಮ್ಮೆಗಳು ಹಾಲು ಕಡಿಮೆ ಮಾಡುತ್ತವೆ. ಸುಣ್ಣ ಹಳತಾದರೆ ಸತ್ವ ಹೋಗಿರುತ್ತದೆ. ನಾಲ್ಕೂ ಕಡೆ ಗೋಡೆಯಿರುವ, ಬೆಚ್ಚಗಿನ ಒಂದು ಸಣ್ಣ ಕೋಣೆ ಅಂಟಿನ ಕೆಲಸಕ್ಕೆಂದೇ ಇದ್ದರೆ ಸಾಕು ಎಂಬುದು ರಹಿಮತ್ಬಿಯವರ ಆಸೆ. ಬರುವ ಬೇಸಿಗೆಗೆ ಕಟ್ಟೋಣ ಎಂದು ಖಾಜಾ ಹುಸೇನ್ ಕಲ್ಲು ತರಿಸಿದ್ದಾರೆ.

ಬಿಗಿದು ಮುಗಿದ ಕಮಾನುಗಳನ್ನು ನೆರಳಿಗೆ ಸಾಲಾಗಿ ಒರಗಿಸಿ, ರಹಿಮತ್ಬಿ ಕೈ ತೊಳೆಯಲು ಹಿತ್ತಿಲಿಗೆ ಬರುತ್ತಾರೆ. ಬೇಲಿಯಾಚೆಯ ರಸ್ತೆಯಲ್ಲಿ ಸಿದ್ದಾಪುರದ ಮೋಟಾರು ಮೇಲೆ ಮೂಟೆಗಳ ಗುಡ್ಡ ಹೊತ್ತುಕೊಂಡು ಗುಂಡಿಯಿಂದ ಗುಂಡಿಗೆ ಓಲಾಡುತ್ತಾ ಹೋಗುತ್ತದೆ. ಅವರು ನೀರಿನ ತಂಬಿಗೆ ಕೈಯಲ್ಲೇ ಹಿಡಿದು, ಅದು ತಿರುವು ದಾಟುವವರೆಗೂ ಕಿವಿಗೊಟ್ಟು ನಿಲ್ಲುತ್ತಾರೆ.

"ಎಲ್ಲಾರೂ ಎಂಜಿನ್ ಸಪ್ಪಳ ಕೇಳತಾರ್ರಿ" ಎನ್ನುತ್ತಾರೆ. "ನಾ ಕಮಾನು ಕಿರ್ ಅನ್ನತಾವೇನು ಅಂತ ಕೇಳತೇನಿ. ಇಲ್ಲೀತನಕ ಒಂದೂ ಅಂದಿಲ್ಲ."